ಗೂಳಪ್ಪ ಕಾಕಾ ಹೊಟ್ಟೆಗೆ ಹಾಕಿಕೊಂಡದ್ದು

ಕೆಲಸಕ್ಕೆ ತಡವಾದಾಗಲೆಲ್ಲ “ಹೊಟ್ಟ್ಯಾಗ ಹಾಕ್ಕೋರಿ ಸಾಹೇಬ್ರ” ಎನ್ನುವುದು ನನ್ನ ಚಾಳಿ. ವಾರಕ್ಕೆ ಮೂರು ಸಲ ಕ್ಷಮೆ ಕೇಳದಿದ್ದರೆ ನನಗೆ ಸಂಬಳ ದಕ್ಕುವುದಿಲ್ಲ.

ದಾಂಡೇಲಿಯಲ್ಲಿ ನನ್ನ ಪಕ್ಕದ ಖೋಲಿಯ ಗೂಳಪ್ಪ ಕಾಕಾ ಕಟ್ಟಿಗೆ ಡಿಪೋದಲ್ಲಿ ಹಮಾಲಿ ಮಾಡುತ್ತಾರೆ. ಒಂಟಿ ಮನುಷ್ಯ. ಫೋನಿಲ್ಲ, ಊರಾದ ಮಳಗಿಯಲ್ಲಿ ಅವ್ವನ ಜೊತೆಗಿರುವ ತಂಗಿ ನನ್ನ ನಂಬರಿಗೇ ಮಾಡುತ್ತಾಳೆ. ಹೋದ ರವಿವಾರ ಏಳು ಸಲ ಮಾಡಿದ್ದಳು. ಸಾಹೇಬರು ಕೆಲಸಕ್ಕೆ ಕರೆದಾರೆಂದು ನಾನು ರಿಂಗ್ ಬಂದ್ ಮಾಡಿ ಮಲಗಿದ್ದೆ. ಸಂಜೆ ನೋಡಿ ಕಾಕಾರಿಗೆ ಹೇಳಲು ಓಡುವಷ್ಟರಲ್ಲಿ ಅವರ ಅವ್ವ ತೀರಿಕೊಂಡು, ಮಣ್ಣೂ ಆಗಿತ್ತು.

ಊರಿಗೆ ಹೋಗಿ ಮೂರು ದಿನಕ್ಕೆ ಮರಳಿದವರ ಮುಂದೆ ನಿಂತೆ. ರೂಢಿಯ ಮಾತು ಬಾಯಿಗೆ ಬರಲಿಲ್ಲ.

“ಕಾಕಾ, ನನ್ನ ಸಲವಾಗಿ ನಿಮಗ ಅವ್ವನ ಮಾರಿ ನೋಡೂದು ತಪ್ಪಿತ್ರಿ.”

“ಹೌದು, ತಪ್ಪಿತು.” ಬೀಡಿ ಹಚ್ಚಿ ಕೊನೆಯವರೆಗೂ ಸೇದಿದರು. “ಹೊಟ್ಟ್ಯಾಗ ಹಾಕ್ಕೊಂಡೇನಿ ಬಿಡೋ. ತಂಗಿಗೆ ಫೋನ್ ಹಚ್ಚು.”

ಹಚ್ಚಿಕೊಟ್ಟೆ.

“ದಾಂಡೇಲಿ ಮುಟ್ಟೇನಿ, ತಂಗೆವ್ವ. ಏನರ ಇದ್ರ ಇದೇ ನಂಬರಿಗೆ ಮಾಡು. ಹುಡುಗ ಚಲೋ ಅದಾನ.”

ಫೋನ್ ನನ್ನ ಕೈಗಿಟ್ಟು ಖೋಲಿಯ ಬಾಗಿಲು ಹಾಕಿಕೊಂಡರು. ಒಂದೆರಡು ಬೈದಿದ್ದರೆ, ಆಮೇಲೆ ಕೂಡಿ ಚಹಾನಾದರೂ ಕುಡಿಯುತ್ತಿದ್ದೆವು.