ನಾನು ನೋಡದ ಮರಿಯಂ ಹೂ

ಕಳೆದ ವರ್ಷ ನವರಾತ್ರಿಗೆ ಸ್ವಲ್ಪ ಮುಂಚೆ ನನ್ನ ಮೊದಲ ಹೆರಿಗೆಯಾಯಿತು. ಆ ದಿನದ ಕತೆಗೆ ಮೊದಲು ಒಂದು ಹೂವಿನ ವಿಷಯ ಹೇಳಬೇಕು.

ಉದ್ಯಾವರದಲ್ಲಿ ನನ್ನ ತವರಿನ ಪಕ್ಕದ ಮನೆ ನೆಬಿಸಮ್ಮನದು. ಅವರ ಕಪಾಟಿನ ಬಿಸ್ಕತ್ತು ಡಬ್ಬಿಯೊಳಗೆ ಹಜ್‌ಗೆ ಹೋದಾಗ ತಂದ ಮರಿಯಂ ಹೂ ಇದೆ. ಹೂ ಎಂದು ಹೆಸರಷ್ಟೇ; ನೋಡಲು ಒಣಗಿದ ಬೇರಿನ ಉಂಡೆ, ಬಿಗಿಹಿಡಿದ ಮುಷ್ಟಿಯ ಹಾಗೆ. ನಿಜವಾಗಿ ಅದೊಂದು ಇಡೀ ಗಿಡ. ಮರಳುಗಾಡಿನಲ್ಲಿ ಮಳೆ ಬಿದ್ದಾಗ ಹುಟ್ಟಿ, ನೀರಾರಿದ ಮೇಲೆ ರೆಂಬೆಗಳನ್ನು ಒಳಕ್ಕೆ ಮಡಚಿ, ಬೀಜಗಳನ್ನು ಹಿಡಿದುಕೊಂಡು ಒಣಗುತ್ತದಂತೆ. ವರ್ಷಗಳ ಮೇಲೂ ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ. ಅರಬ್ ದೇಶಗಳಲ್ಲಿ ಹೆರಿಗೆ ಸುಲಭವಾಗಲೆಂದು, ಮುಟ್ಟಿನ ನೋವಿಗೆಂದು ಅದನ್ನು ನೆನೆಸಿದ ನೀರು ಕುಡಿಯುತ್ತಾರೆ. ನಮ್ಮ ಓಣಿಯಲ್ಲಿ ಕುಡಿಯುವ ಕ್ರಮವಿಲ್ಲ. ಯಾರ ಮನೆಯ ಹುಡುಗಿಗೆ ನೋವು ಶುರುವಾದರೂ ನೆಬಿಸಮ್ಮ ಅದನ್ನು ಒಂದು ಬಟ್ಟಲು ನೀರಿಗೆ ಹಾಕುತ್ತಾರೆ. ಹೂ ಬಿಚ್ಚಿದ ಹಾಗೆ ಹೆರಿಗೆಯೂ ಆಗುತ್ತದೆಂದು ನಂಬಿಕೆ.

ನಾನು ಕಾಪುವಿನ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಯಾವ ಔಷಧಿ ಕೈಗೆ ಬಂದರೂ ತಿರುಗಿಸಿ ಮುರುಗಿಸಿ ನೋಡದೆ ಬಿಡುವವಳಲ್ಲ. ಮದುವೆಗೆ ಮುಂಚೆಯೇ ನೆಬಿಸಮ್ಮನ ಬೆನ್ನು ಹತ್ತಿದ್ದೆ.

"ಒಂದು ಸಲ ನೀರಿಗೆ ಹಾಕಿ ತೋರಿಸಿ ನೆಬಿಸಮ್ಮ."

"ಸುಮ್ಮನೆ ಆಟಕ್ಕೆ ಹಾಕುವುದಲ್ಲ ಮಾರಾಯ್ತಿ ಅದು. ನಿನ್ನ ಹೆರಿಗೆಗೆ ಹಾಕುವ, ಆಗ ಕಣ್ಣು ತುಂಬ ನೋಡು."

ಬಸುರಿಯಾದಾಗ ಉಡುಪಿಯ ಡಾಕ್ಟರಮ್ಮನನ್ನೂ ಕೇಳಿದೆ. "ನೋಡಲಿಕ್ಕೆ ಅಡ್ಡಿ ಇಲ್ಲ. ಕುಡಿಯುವುದು ಮಾತ್ರ ಬೇಡ. ಗರ್ಭಕೋಶಕ್ಕೆ ಅದು ಎಂತ ಮಾಡ್ತದೆ ಅಂತ ಸರಿಯಾಗಿ ಗೊತ್ತಿಲ್ಲ" ಎಂದರು. ನನಗೆ ನೋಡುವುದಷ್ಟೇ ಬೇಕಿತ್ತು.

ಹೆರಿಗೆಗೆಂದು ತವರಿಗೆ ಬಂದಿದ್ದೆ, ಆ ದಿನ ಬೆಳಿಗ್ಗೆ ನೋವು ಬಂತು. ಅಕ್ಕ ನನ್ನನ್ನು ಕಾರಿನಲ್ಲಿ ಉಡುಪಿಗೆ ಕರೆದುಕೊಂಡು ಹೊರಟಳು. ಅರ್ಧ ದಾರಿಯಲ್ಲಿ ಹೊಳೆಯಿತು: ನಾನು ಆಸ್ಪತ್ರೆಯಲ್ಲಿ, ಹೂ ಉದ್ಯಾವರದಲ್ಲಿ! "ಅಕ್ಕ, ಹೂ!" ಎಂದೆ. "ಎಂತ ಹೂ ನಿಂದು? ಸುಮ್ಮನೆ ಕೂತುಕೋ" ಎಂದು ಗದರಿದಳು.

ಮಧ್ಯಾಹ್ನದ ಹೊತ್ತಿಗೆ ಹೂವಿನ ಯೋಚನೆಯೆಲ್ಲ ಹಾರಿಹೋಯಿತು. ಮಗುವಿನ ಎದೆಬಡಿತ ಏರುಪೇರಾಗುತ್ತಿದೆ, ಆಪರೇಷನ್ ಮಾಡಬೇಕು ಎಂದರು. ಮಗು ಅತ್ತ ಸದ್ದು ಕೇಳುವವರೆಗೆ ನನಗೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಹೆಣ್ಣು ಮಗು.

ಮನೆಗೆ ಬಂದವಳೇ ಕೇಳಿದೆ, "ಅಮ್ಮ, ಹೂ ಬಿಚ್ಚಿತಾ?"

"ಬಿಚ್ಚದೆ? ಈಗ ಒಣಗಿ ಡಬ್ಬಿಗೆ ಹೋಗಿ ಆಯ್ತು."

ನನಗೆ ಅಳುವೇ ಬಂತು. ಮಸ್ಕತ್‌ನಲ್ಲಿರುವ ನನ್ನ ಗಂಡ ಫೋನಿನಲ್ಲಿ ಸಮಾಧಾನ ಮಾಡಿದರು. ಆ ದಿನ ಅವರು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಬಟ್ಟಲಿನ ಎದುರು ಇಡಿಸಿ, ಎಲ್ಲವನ್ನೂ ರೆಕಾರ್ಡ್ ಮಾಡಿದ್ದರಂತೆ. ಕೂಡಲೇ ಕಳಿಸಿದರು.

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನೋಡಿದೆ. ಮೊದಲಿಗೆ ಬಟ್ಟಲು, ನೀರು, ಕಂದು ಉಂಡೆ. ಅಷ್ಟರಲ್ಲಿ ಅಮ್ಮನ ನರೆತ ತಲೆ ಅಡ್ಡ ಬಂತು. ಅದರ ಪಕ್ಕ ನೆಬಿಸಮ್ಮ ತಲೆಗೆ ಹೊದ್ದ ಬಿಳಿ ತಟ್ಟ. ಆಮೇಲೆ ದಿನಾ ಮನೆಗೆ ಮೀನು ತರುವ ಗಿರಿಜಕ್ಕನ ತುರುಬು. ಮುಂದೆ ಕೊನೆಯವರೆಗೆ ಆ ಮೂರು ತಲೆಗಳೇ. "ಸ್ವಲ್ಪ ಆಚೆ ಸರಿಯಿರಿ, ನನಗೆ ಕಾಣುವುದಿಲ್ಲ" ಎಂದು ಗಂಡ ಕೂಗುತ್ತಾರೆ, ಯಾರ ಕಿವಿಗೂ ಬೀಳುವುದಿಲ್ಲ. "ಆಪರೇಷನ್ ಆಯಿತಂತಾ? ಮಗು ಹೇಗುಂಟಂತೆ?" ಎಂದು ಗಿರಿಜಕ್ಕ ಮತ್ತೆ ಮತ್ತೆ ಕೇಳುತ್ತಾರೆ. ನೆಬಿಸಮ್ಮನ ಫೋನ್ ರಿಂಗಾಗುತ್ತದೆ, ಆಸ್ಪತ್ರೆಯಿಂದ ಅಕ್ಕ: ಹೆಣ್ಣು ಮಗು, ಇಬ್ಬರೂ ಸೌಖ್ಯ. ಮೂರೂ ತಲೆಗಳು ಒಟ್ಟಿಗೆ ಮೇಲೇಳುತ್ತವೆ, ಅಮ್ಮನ ಫೋನ್ ಮಗುಚಿ ಬೀಳುತ್ತದೆ. ಆಮೇಲೆ ಮಾಡಿನ ಹೆಂಚು ಮಾತ್ರ ಕಾಣುತ್ತದೆ. ಮೂವರೂ ಖುಷಿಯಿಂದ ಅಳುವುದು ಕೇಳುತ್ತದೆ.

ಇನ್ನೊಮ್ಮೆ ನೆನೆಸಿ ತೋರಿಸಿ ಎಂದು ನೆಬಿಸಮ್ಮನನ್ನು ಕೇಳಿದೆ. "ಇನ್ನೊಂದು ಹೆರು, ಹಾಕುವ" ಎಂದು ನಕ್ಕರು.

ಆ ಹೂ ಬಿಚ್ಚುವುದನ್ನು ನಾನು ಇವತ್ತಿಗೂ ನೋಡಿಲ್ಲ. ಆ ಕುತೂಹಲ ಹಾಗೆಯೇ ಉಂಟು. ಆದರೆ ಮನಸ್ಸು ಕುಗ್ಗಿದ ದಿನ ಆ ವಿಡಿಯೋ ತೆಗೆಯುತ್ತೇನೆ. ನನಗಾಗಿ ಬಗ್ಗಿ ಕೂತ ಆ ಮೂರು ತಲೆಗಳನ್ನು ನೋಡುತ್ತೇನೆ.