ಮದುವೆ ಕೇಕೂ ಪಿಕಪ್ಪಿನ ಶಾಕ್ ಅಬ್ಸಾರ್ಬರೂ

ನಮ್ಮ ಯಜಮಾನರು ಯಾವ ಸಾಮಾನನ್ನೂ ನೆಟ್ಟಗೆ ಇದ್ದದ್ದು ತಂದವರಲ್ಲ. ಸೋಫಾ ತಂದರೆ ಒಂದು ಕಾಲು ಇರುವುದಿಲ್ಲ, ಗಡಿಯಾರ ತಂದರೆ ಮುಳ್ಳು ಬೇರೆ ಪೊಟ್ಟಣದಲ್ಲಿರುತ್ತದೆ. ರಿಪೇರಿ ಮಾಡುವ ಸುಖಕ್ಕೇ ಕೊಳ್ಳುವ ಪೈಕಿ ಅವರು. ಹಾಗಾಗಿ ನನ್ನ ಕೇಕ್ ವ್ಯಾಪಾರಕ್ಕೆಂದು ಒಂದು ಹಳೇ ಪಿಕಪ್ ತಂದು ಲಿಂಗರಾಜಪುರದ ನಮ್ಮ ಬೀದಿಯಲ್ಲಿ ನಿಲ್ಲಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಅಲ್ಲಿಯವರೆಗೆ ಸಿಮೆಂಟ್ ಮೂಟೆ ಹೊತ್ತ ಗಾಡಿ ಅದು. ಸಣ್ಣ ಗುಂಡಿ ಸಿಕ್ಕರೂ ಹಿಂಭಾಗ ಎಗರಿ ಬೀಳುತ್ತಿತ್ತು.

ನಾವು ಹುಬ್ಬಳ್ಳಿ ಕಡೆಯವರು. ಯಜಮಾನರಿಗೆ ಇಂದಿರಾನಗರದಲ್ಲಿ ಆಫೀಸು. ಊರು ಬಿಟ್ಟು ಬಂದ ಹೊಸತರಲ್ಲಿ ನನಗೆ ಕೇಕ್ ಅಂದರೆ ಬೇಕರಿಯ ಗಾಜಿನ ಹಿಂದೆ ಕೂರುವ ವಸ್ತು, ಅಷ್ಟೆ. ಕೈಹಿಡಿದು ಕಲಿಸಿದವರು ಎದುರುಮನೆಯ ಆಂಟಿ. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದ ತಮಿಳು ಕ್ರಿಶ್ಚಿಯನ್ ಹೆಂಗಸು. ಬೆನ್ಸನ್ ಟೌನ್, ಫ್ರೇಜರ್ ಟೌನ್ ಕಡೆಯ ಎಷ್ಟೋ ಮದುವೆಗಳ ಕೇಕು ಅವರ ಓವನ್ನಿನಿಂದಲೇ ಹೋದದ್ದು. ಮೂರು ಅಂತಸ್ತನ್ನೂ ಬೇರೆ ಬೇರೆ ಡಬ್ಬದಲ್ಲಿಟ್ಟು ಆಟೋದಲ್ಲಿ ಒಯ್ಯುತ್ತಿದ್ದರು. ಹಾಲ್‌ನಲ್ಲಿ ಒಂದರ ಮೇಲೊಂದು ಕೂರಿಸಿ, ತುದಿಗೆ ಸಕ್ಕರೆಯಲ್ಲಿ ಮಾಡಿದ ಹೂವಿನ ಗೊಂಚಲು ಇಡುತ್ತಿದ್ದರು. ಹೂವಿಡುವಾಗ ಸುತ್ತ ಯಾರೂ ಮಾತಾಡುವಂತಿರಲಿಲ್ಲ.

ಕೊನೆಗೆ ಅವರ ಸ್ವಂತ ಮಗಳ ಮದುವೆಯೇ ಗೊತ್ತಾಯಿತು. ಹಾಲ್ ಕೆ.ಆರ್. ಪುರದಲ್ಲಿ. ಅಷ್ಟು ಹೊತ್ತಿಗೆ ಆಂಟಿಯ ಕೈ ನಡುಗಲು ಶುರುವಾಗಿತ್ತು. ಕಾಫಿ ಲೋಟ ಹಿಡಿದರೂ ಅರ್ಧ ಸೀರೆಗೆ.

"ಕೇಕ್ ನೀನೇ ಮಾಡ್ಬೇಕು ಮಾ," ಎಂದರು ಒಂದು ಸಂಜೆ. "ಆದ್ರೆ ಮೇಲಿನ್ ಹೂವು ನಾನೇ ಇಡ್ತೀನಿ. ನಮ್ ಮನೇಲೇ ಇಡ್ತೀನಿ. ಅಲ್ಲಿ ಎಲ್ರೂ ನೋಡ್ತಾರೆ. ನೋಡಿದ್ರೆ ಕೈ ಇನ್ನೂ ಜಾಸ್ತಿ ನಡುಗುತ್ತೆ."

ಅಂದರೆ ಕೇಕು ಬಿಡಿಬಿಡಿಯಾಗಿ ಹೋಗುವ ಹಾಗಿಲ್ಲ. ಮೂರು ಅಂತಸ್ತೂ ಕೂಡಿ, ಮೇಲೆ ಹೂವು ಸಮೇತ, ಲಿಂಗರಾಜಪುರದಿಂದ ಕೆ.ಆರ್. ಪುರಕ್ಕೆ ನಮ್ಮ ಕುದುರೆಯಂಥ ಪಿಕಪ್ಪಿನಲ್ಲೇ ಹೋಗಬೇಕು. ಬಾಯಲ್ಲಿ ಹೂಂ ಎಂದೆ. ಮನೆಗೆ ಬಂದು ಯಜಮಾನರ ಮುಂದೆ ತಲೆಮೇಲೆ ಕೈಹೊತ್ತು ಕೂತೆ.

ಯಜಮಾನರ ಮುಖ ಮಾತ್ರ ಅರಳಿತು. ಮರುದಿನವೇ ನನ್ನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋದರು. ಗಾಡಿ ಸಾಮಾನಿನ ಅಂಗಡಿಯಲ್ಲಿ ಶಾಕ್ ಅಬ್ಸಾರ್ಬರ್‌ಗಳು ಬಾಳೆಗೊನೆಯಂತೆ ತೂಗುತ್ತಿದ್ದವು.

"ಏನ್ ಲೋಡ್ ಹಾಕ್ತೀರಿ ಸಾರ್?" ಎಂದು ಅಂಗಡಿಯವರು ಕೇಳಿದರು.

"ಕೇಕು," ಎಂದೆ ನಾನು.

ಅವರು ನಕ್ಕುಬಿಟ್ಟರು. "ಕಬ್ಬಿಣಕ್ಕೆ ಕೇಳ್ತಾರೆ, ಮರಳಿಗೆ ಕೇಳ್ತಾರೆ ಮೇಡಂ. ಕೇಕಿಗೆ ನೀವೇ ಫಸ್ಟು."

ಗುಂಡಿಯ ಪೆಟ್ಟನ್ನು ಸ್ಪ್ರಿಂಗ್ ತಿನ್ನುತ್ತದೆ, ತಿಂದ ಮೇಲೆ ಅದು ಸುಮ್ಮನೆ ಕುಣಿಯುತ್ತಲೇ ಇರದ ಹಾಗೆ ಶಾಕ್ ಹಿಡಿದು ನಿಲ್ಲಿಸುತ್ತದೆ ಎಂದು ಬಿಡಿಸಿ ಹೇಳಿದರು. ಆಮೇಲೆ ಬುಡದಲ್ಲಿ ಒಂದು ತಿರುಗಣೆಯಿದ್ದ ಜೋಡಿಯನ್ನು ತೆಗೆದರು. ಒಂದು ಕಡೆ ತಿರುಗಿಸಿದರೆ ಮೆತ್ತಗೆ, ಇನ್ನೊಂದು ಕಡೆಗೆ ಬಿಗಿ. ಗಾಡಿಯ ಜೊತೆ ಬಂದಿದ್ದರಲ್ಲಿ ಆ ಭಾಗ್ಯ ಇರಲಿಲ್ಲ. ತಿರುಗಿಸುವುದಕ್ಕೆ ಏನೋ ಒಂದು ಸಿಕ್ಕಿತಲ್ಲ, ನಮ್ಮವರು ಅಲ್ಲೇ ಸೋತರು.

ಆ ಜೋಡಿಯನ್ನು ತಂದು ಗಾಡಿಗೆ ಹಾಕಿ, ಮೊದಲು ಪೂರ್ತಿ ಬಿಗಿ ಮಾಡಿದರು. "ಬಿಗಿ ಇದ್ದಷ್ಟು ಅಲುಗಾಡೂದಿಲ್ಲ," ಎಂಬುದು ಅವರ ವಾದ. ನಾನು ಪರೀಕ್ಷೆಗೆಂದು ಮೂರಂತಸ್ತಿನ ಸಾದಾ ಕೇಕು ಮಾಡಿದೆ. ಧೂಳು ತಾಗಬಾರದೆಂದು ಹಿಂಭಾಗವನ್ನು ಗುಡಿಸಿ, ಒರೆಸಿ, ಮೈದಾ ಸಕ್ಕರೆ ಮೂಟೆ, ಸ್ಟೆಪ್ನಿ ಎಲ್ಲ ಇಳಿಸಿ, ದೇವರ ಮನೆಯ ಹಾಗೆ ಮಾಡಿದೆವು. ಬಾಣಸವಾಡಿಗೆ ಹೋಗಿ ಬರುವಷ್ಟರಲ್ಲಿ ಮೇಲಿನ ಅಂತಸ್ತು ಕೆಳಗಿನದರೊಳಗೆ ಹೂತುಹೋಗಿತ್ತು. ಬೀದಿಯವರೆಲ್ಲ ಚಮಚ ತಂದು ತಿಂದರು. ಆಮೇಲೆ ಪೂರ್ತಿ ಮೆತ್ತಗೆ ಮಾಡಿದರು. ಆಗ ಗಾಡಿ ಎಗರಿದ ಮೇಲೂ ತೊಟ್ಟಿಲಿನ ಹಾಗೆ ತೂಗುತ್ತಲೇ ಇತ್ತು. ಕೇಕು ಒಂದು ಪಕ್ಕಕ್ಕೆ ವಾಲಿ ಮಲಗಿತು. ಅದನ್ನೂ ತಿಂದರು.

ಆಮೇಲಂತೂ ಪಕ್ಕದ ಮನೆಯ ಅಜ್ಜಿ ಸೆರಗಿನಡಿ ತಟ್ಟೆ ಹಿಡಿದೇ ಬಂದು, "ಇವತ್ತೂ ಗಾಡಿ ಟೆಸ್ಟ್ ಇದ್ಯೇನಮ್ಮಾ?" ಎಂದು ವಿಚಾರಿಸತೊಡಗಿದರು. ಯಜಮಾನರು ಆಫೀಸಿನಿಂದ ಬಂದವರೇ ಗಾಡಿಯ ಕೆಳಗೆ ನುಸುಳಿ, ತಿರುಗಣೆಯನ್ನು ಒಂದು ಕೂದಲೆಳೆಯಷ್ಟು ಅತ್ತ, ಒಂದು ಕೂದಲೆಳೆಯಷ್ಟು ಇತ್ತ ಮಾಡುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. "ಅಲ್ಲೇ ಮಲಗೂದಾದ್ರ ಹೇಳ್ರಿ, ಹಾಸಿಗೀನೂ ಅಲ್ಲೇ ಹಾಸ್ತೀನಿ," ಎಂದೆ. ಗಾಡಿಯ ಕೆಳಗಿನಿಂದ, "ದಿಂಬೂ ಕೊಡು," ಎಂಬ ಉತ್ತರ ಬಂತು.

ಬೀದಿಗೆಲ್ಲ ಹಬ್ಬ. ಆಂಟಿ ಮಾತ್ರ ಗೇಟಿನವರೆಗೆ ಬಂದು, ಮುರಿದ ಕೇಕು ನೋಡಿ, ಒಂದು ಚೂರೂ ಮುಟ್ಟದೆ ಒಳಗೆ ಹೋಗುತ್ತಿದ್ದರು. ಅದೊಂದು ನನ್ನ ಕೈಲಿ ತಡೆಯಲಾಗುತ್ತಿರಲಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಮೊಟ್ಟೆ. ಒಂದು ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಿಂದ ಸಾಮಾನು ತರುತ್ತಿದ್ದೆವು. ಮೈದಾ, ಸಕ್ಕರೆ ಮೂಟೆಗಳು, ಅವುಗಳ ಮೇಲೆ ಮೊಟ್ಟೆಯ ಟ್ರೇಗಳು. ಯಜಮಾನರು ಆಫೀಸಿಗೆ ತಡವಾಯಿತೆಂದು ಹಂಪು, ಗುಂಡಿ ಒಂದೂ ನೋಡದೆ ಓಡಿಸಿದ್ದರು. ಇಳಿಸುವಾಗ ನನಗೆ ಥಟ್ಟನೆ ಹೊಳೆಯಿತು.

"ರೀ, ಮೊಟ್ಟಿ ಒಂದೂ ಒಡದಿಲ್ಲ ನೋಡ್ರಿ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸಿಮೆಂಟ್ ಹೊರಲೆಂದು ಹಾಕಿದ ಸ್ಪ್ರಿಂಗಿಗೆ ಒಂದು ಕೇಕಿನ ಭಾರ ಯಾವ ಲೆಕ್ಕ? ಅದು ಬಾಗಲೇ ಒಲ್ಲದು. ಬಾಗದ ಸ್ಪ್ರಿಂಗಿನ ಮುಂದೆ ಶಾಕನ್ನು ಎಷ್ಟು ತಿರುಗಿಸಿದರೇನು? ನಾವು ಮಡಿ ಮಾಡುವವರ ಹಾಗೆ ಪ್ರತಿ ಸಲವೂ ಮೂಟೆಗಳನ್ನು ಇಳಿಸಿ, ಒರೆಸಿ, ಆಮೇಲೆ ಕೇಕು ಇಡುತ್ತಿದ್ದೆವಲ್ಲ! ಬೇಕಾದ ಭಾರವನ್ನು ನಮ್ಮ ಕೈಯಾರೆ ಇಳಿಸುತ್ತಿದ್ದೆವು. ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತು ಅವರು ಆಫೀಸಿಗೆ ಹೋಗಲೇ ಇಲ್ಲ.

ಹಿಂದಿನ ಚಕ್ರಗಳ ನೇರಕ್ಕೆ ಮೂಟೆ ಜೋಡಿಸಿ, ಮೇಲೆ ಬಿಳೀ ಬಟ್ಟೆ ಹಾಸಿ, ಆ ಭಾರವನ್ನಿಟ್ಟುಕೊಂಡೇ ತಿರುಗಣೆಯನ್ನು ನಡುಮಟ್ಟಕ್ಕೆ ತಂದು, ಅಲ್ಲಿಂದ ಚೂರು ಬಿಗಿ ಮಾಡಿದರು. ಕೇಕು ಬಾಣಸವಾಡಿಗೆ ಹೋದ ಹಾಗೇ ವಾಪಸು ಬಂತು. ತಟ್ಟೆ ಹಿಡಿದು ನಿಂತಿದ್ದ ಅಜ್ಜಿಯ ಮುಖ ಬಾಡಿತು. ಬೀದಿಯ ಶಾಪ ಯಾಕೆಂದು ನಾನೇ ಚಾಕು ತಂದು ಕತ್ತರಿಸಿ ಹಂಚಿದೆ. ಅವತ್ತು ಆಂಟಿಯೂ ಒಂದು ತುಂಡು ತಿಂದರು.

ಮದುವೆಯ ದಿನ ಬೆಳಿಗ್ಗೆ ಅವರ ಊಟದ ಮೇಜಿನ ಮೇಲೆ ಕೇಕು ಸಿದ್ಧವಾಗಿ ನಿಂತಿತ್ತು. ಆಂಟಿ ಹೂವಿನ ಗೊಂಚಲು ಕೈಗೆತ್ತಿಕೊಂಡರು. ನಾನೂ ಯಜಮಾನರೂ ಗೋಡೆಯ ಕಡೆ ಮುಖ ತಿರುಗಿಸಿ ನಿಂತೆವು. ತುಂಬಾ ಹೊತ್ತು ಹಿಡಿಯಿತು. ಕ್ಯಾಲೆಂಡರಿನ ಚಿತ್ರ ನನಗೆ ಬಾಯಿಪಾಠವಾಯಿತು.

"ಆಯ್ತು ಮಾ, ತಿರುಗಿ," ಎಂದರು.

ಹೂವು ಒಂದಿಷ್ಟು ಎಡಕ್ಕೆ ಕೂತಿತ್ತು. ಅಷ್ಟು ಚೆಂದದ ಕೇಕನ್ನು ನಾನು ಹಿಂದೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಗಳ ಅಲಂಕಾರವನ್ನು ತಮ್ಮ ತಂಗಿಗೆ ಒಪ್ಪಿಸಿ, ಆಂಟಿ ಹಟ ಹಿಡಿದು ನಮ್ಮ ಜೊತೆಗೇ ಹತ್ತಿದರು. ಮುಂದಿನ ಸೀಟಿನಲ್ಲಿ ಯಜಮಾನರು, ನಾನು, ಕಿಟಕಿಯ ಬದಿಗೆ ಅವರು. ಕಮ್ಮನಹಳ್ಳಿಯ ಹಂಪುಗಳಲ್ಲಿ ಗಾಡಿ ಏರಿಳಿದಾಗೆಲ್ಲ ಹಿಂದಿನ ಗಾಜಿನಲ್ಲಿ ಇಣುಕಿ ನೋಡುತ್ತಿದ್ದರು. ಬಾಣಸವಾಡಿ ದಾಟಿದ ಮೇಲೆ ನೋಡುವುದು ಕಡಿಮೆಯಾಯಿತು. ರಾಮಮೂರ್ತಿನಗರದ ಹತ್ತಿರ ನನ್ನ ಹೆಗಲಿಗೆ ಭಾರ ತಗುಲಿತು. ತಿರುಗಿ ನೋಡಿದರೆ ಆಂಟಿ ನಿದ್ದೆ ಹೋಗಿದ್ದಾರೆ. ಮದುವೆಯ ಗಡಿಬಿಡಿಯಲ್ಲಿ ಆ ಜೀವ ಅದೆಷ್ಟು ದಿನದಿಂದ ಕಣ್ಣು ಮುಚ್ಚಿರಲಿಲ್ಲವೋ. ಮಡಿಲಲ್ಲಿದ್ದ ಕೈಗಳು ನಡುಗುತ್ತಿರಲಿಲ್ಲ.

ಹಾಲ್ ಬಂತು. ಗಾಡಿ ನಿಲ್ಲಲಿಲ್ಲ.

"ಹಾಲ್ ದಾಟಿ ಹೋತಲ್ರೀ!" ಎಂದು ಪಿಸುಗುಟ್ಟಿದೆ.

"ಗೊತ್ತೈತಿ," ಎಂದರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಮಲಗ್ಲಿ ಬಿಡು. ಇನ್ನೊಂದ್ ಸುತ್ತು ಹೊಡಿಯೂಣು."

ಇಷ್ಟು ದಿನ ಒಂದೊಂದು ಗುಂಡಿಗೂ ಹೆದರಿದ ಮನುಷ್ಯ, ಮದುವೆಯ ಕೇಕನ್ನು ಹಿಂದಿಟ್ಟುಕೊಂಡು, ಕೆ.ಆರ್. ಪುರದ ಹ್ಯಾಂಗಿಂಗ್ ಬ್ರಿಡ್ಜಿನ ಕಡೆಗೆ ಗಾಡಿ ತಿರುಗಿಸಿದರು. ನಾನು ಹೆಗಲು ಅಲುಗಿಸದೆ, ಕುತ್ತಿಗೆ ಮಾತ್ರ ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡಿದೆ. ಹೂವು ಆಂಟಿ ಇಟ್ಟಲ್ಲೇ, ಒಂದಿಷ್ಟು ಎಡಕ್ಕೆ, ಹಾಗೇ ಇತ್ತು.