ಭಾಗೀರಥಿಯವರು ಎಲ್ಲಿದ್ದರೂ ವೇದಿಕೆಗೆ ಬರಬೇಕು

ನನ್ನ ಹೆಸರು ಜ್ಯೋತ್ಸ್ನಾ. ಒಮ್ಮೆ ಬಾಯಿಬಿಟ್ಟು ಹೇಳಿ ನೋಡೋಣ. ಕಷ್ಟವಾಯಿತಲ್ಲ?

ಕೊರಿಯರಿನವನಿಗೆ ನಾನು ಜೋಶ್ನಾ. ಬ್ಯಾಂಕಿನಲ್ಲಿ ಜ್ಯೋತಿ. ಗ್ಯಾಸಿನ ಪುಸ್ತಕದಲ್ಲಿ ಏನೆಂದು ಬರೆದಿದ್ದಾರೋ, ಇವತ್ತಿಗೂ ನನಗೇ ಓದಲು ಬಂದಿಲ್ಲ. ಇಷ್ಟು ಅನುಭವಿಸಿದ್ದಕ್ಕೋ ಏನೋ, ಕಂಡವರ ಉಚ್ಚಾರ ತಿದ್ದುವ ಚಟ ಹತ್ತಿಬಿಟ್ಟಿದೆ. (ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಅಂದರೆ ಲೈಸೆನ್ಸ್ ಇದೆ!) 'ಅಗನಾಸಿನಿ ಬೀಚ್ ಎಲ್ಲಿ?' ಎಂದ ಟೂರಿಸ್ಟರನ್ನು ನಿಲ್ಲಿಸಿ ತಿದ್ದಿದ್ದೇನೆ. ಹಿರೇಗುತ್ತಿಯನ್ನು 'ಹೈರ್‌ಗಟ್ಟಿ' ಮಾಡಿದ ಮೊಬೈಲ್ ಮ್ಯಾಪಿನ ಹೆಂಗಸಿಗೂ ಕಾರಿನಲ್ಲೇ ಬೈದಿದ್ದೇನೆ.

ಭಟ್ಕಳದ ಚಪ್ಪಲಿ ಅಂಗಡಿಯಲ್ಲೂ ಯಾವುದೋ ವಿದೇಶಿ ಬ್ರಾಂಡಿನ ಹೆಸರು ಸರಿಪಡಿಸಲು ಹೋದೆ. ಅಂಗಡಿಯ ಸಾಹೇಬರು ನಕ್ಕರು. "ಬಾಯಿದು ಆಮೇಲೆ ನೋಡುವಾ ಟೀಚರ್. ಮೊದಲು ಕಾಲಿಗೆ ಆಗ್ತದಾ ನೋಡಿ."

ಆಗಲೇ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಕಳೆದ ಭಾನುವಾರ ಕುಮಟಾದಲ್ಲಿ ಒಂದು ಮಹಿಳಾ ಸಂಘದ ಸನ್ಮಾನ. ನಿರೂಪಣೆ ನನ್ನದು. ಹೊಳೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಅದನ್ನು ಮಾರಿಯೇ ಮೂರು ಹೆಣ್ಣುಮಕ್ಕಳನ್ನು ಓದಿಸಿದ ಅಘನಾಶಿನಿಯ ಒಬ್ಬ ತಾಯಿಗೆ ಶಾಲು ಹೊದೆಸುವುದಿತ್ತು. ಆಕೆಗೆ ಜೀವಮಾನದಲ್ಲಿ ಇದೇ ಮೊದಲ ಸನ್ಮಾನವಂತೆ. ಹೊಳೆ ನೀರು ಇಳಿಯುವ ಹೊತ್ತಿನ ಆವತ್ತಿನ ದುಡಿಮೆಯನ್ನೂ ಬಿಟ್ಟು ಬರುತ್ತಾರಂತೆ. ನಾನು ಅವರನ್ನು ನೋಡಿದವಳಲ್ಲ, ಸಂಘದವರೂ ಫೋನಿನಲ್ಲಷ್ಟೇ ಮಾತಾಡಿದವರು. ಕೈಯಲ್ಲಿ ಸಂಘದವರು ಕೊಟ್ಟ ಚೀಟಿ ಇತ್ತು, ಅಷ್ಟೇ.

ಮೈಕು ಹಿಡಿದೆ. "ಕಾಯಕಯೋಗಿನಿ, ಅಘನಾಶಿನಿಯ ಹೆಮ್ಮೆಯ ಪುತ್ರಿ, ಶ್ರೀಮತಿ ಭಾಗೀರಥಿ ಮಂಜುನಾಥ ಅಂಬಿಗ!" 'ಭಾ'ಗೆ ಹೊಟ್ಟೆಯಿಂದ ಉಸಿರು ತಂದಿದ್ದೆ. 'ಥಿ' ಅಂತೂ ಅದ್ಭುತವಾಗಿ ಬಂತು.

ಚಪ್ಪಾಳೆಯೋ ಚಪ್ಪಾಳೆ. ಯಾರೂ ಏಳಲಿಲ್ಲ.

"ಭಾಗೀರಥಿಯವರು ಎಲ್ಲಿದ್ದರೂ ವೇದಿಕೆಗೆ ಬರಬೇಕು!" ಮತ್ತೂ ಇಲ್ಲ. ಎರಡನೇ ಸಾಲಿನಲ್ಲಿ ಹಸಿರು ಸೀರೆಯವರೊಬ್ಬರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದರು. ಅಧ್ಯಕ್ಷರು ವಾಚು ನೋಡಿಕೊಂಡರು. ಕೊನೆಗೆ ನಾನೇ, "ಕಾರಣಾಂತರಗಳಿಂದ ಅವರು ಬಂದಿಲ್ಲ, ಅವರ ಪರವಾಗಿ ಕಾರ್ಯದರ್ಶಿಯವರು ಸ್ವೀಕರಿಸುತ್ತಾರೆ" ಎಂದುಬಿಟ್ಟೆ. ಶಾಲು ಬಿಚ್ಚಿಯಾಯಿತು. ಇನ್ನೇನು ಕಾರ್ಯದರ್ಶಿಯ ಹೆಗಲಿಗೆ ಬೀಳಬೇಕು, ಹಿಂದಿನಿಂದ ಯಾರೋ ಕೂಗಿದರು.

"ಏ ಬಾಗೀ! ಎಂತ ಚಪ್ಪಾಳೆ ಹೊಡೀತೇ ಮಾರಾಯ್ತಿ? ನಿಂಗೇ ಕರೂದು! ಏಳೇ!"

ಹಸಿರು ಸೀರೆಯವರ ಕೈ ನಿಂತಿತು. "ನಂಗಾ?"

ಬಾಗಕ್ಕ ಮೇಲೆ ಬಂದರು. ಶಾಲು ಸಿಕ್ಕಬೇಕಾದವರಿಗೇ ಸಿಕ್ಕಿತು. ಮೈಕು ಕೊಟ್ಟರೆ ನಗುತ್ತಲೇ ಹೇಳಿದರು: "ಅಷ್ಟು ದೊಡ್ಡ ಹೆಸ್ರು ಕೇಳಿ ಯಾರೋ ಆಫೀಸರಮ್ಮ ಇರ್ಬೇಕು ಅಂದ್ಕಂಡೆ. ಪಾಪ, ಇಷ್ಟು ಕರದ್ರೂ ಬರ್ಲಿಲ್ಲಲ್ಲಾ ಅಂತ ಬೇಜಾರೂ ಆತು!"

ಸಭೆ ಬಿದ್ದೂ ಬಿದ್ದೂ ನಕ್ಕಿತು. ನಾನೂ ನಕ್ಕೆ, ಆದರೆ ಒಳಗೊಳಗೇ ನಾಚಿಕೆಯಾಯಿತು. ಹೆಸರಿನ ಒಂದೊಂದು ಅಕ್ಷರಕ್ಕೂ ಮರ್ಯಾದೆ ಕೊಟ್ಟವಳು ಹೆಸರಿನ ಒಡತಿಯ ಮುಖ ನೋಡಿರಲಿಲ್ಲ. ಕಾರ್ಯಕ್ರಮಕ್ಕೆ ಮೊದಲು ಕೆಳಗಿಳಿದು ಹೋಗಿ, 'ನಿಮ್ಮನ್ನು ಊರಲ್ಲಿ ಎಂತ ಕರೀತಾರೆ?' ಎಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮುಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಬಸ್ಸು ಹತ್ತಬೇಕು, ಅಷ್ಟರಲ್ಲಿ ಹಿಂದಿನಿಂದ ಕೂಗು.

"ಜೋಸ್ನಕ್ಕೋರೇ! ಬಳಚು ತಿಂತ್ರಾ ನೀವು? ಮುಂದಿನ ವಾರ ಮನೆಗೆ ಬನ್ನಿ!" ಹೆಗಲ ಮೇಲೆ ಶಾಲು ಹಾಗೇ ಇತ್ತು.

"ಓ, ಬತ್ತೆ ಬಾಗಕ್ಕಾ!" ಎಂದು ಕೈ ಬೀಸಿದೆ.

ಜೋಸ್ನಾ ಅಲ್ಲ, ಜ್ಯೋತ್ಸ್ನಾ ಎಂದು ತಿದ್ದಬೇಕಿತ್ತೆಂದು ನೆನಪಾಗುವಾಗ ಬಸ್ಸು ಹೊನ್ನಾವರ ಮುಟ್ಟಿತ್ತು.